ಹಳ್ಳದ ಆಚೆಯಿಂದ ಬಂದ ದಾಖಲಾತಿ

ಆ ಊರಿಗೆ ನನಗೆ ವರ್ಗವಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮನೆ ಕೂಡ್ಲಿಗಿಯಲ್ಲಿತ್ತು. ಬೆಳಿಗ್ಗೆ ಹೊಸಹಳ್ಳಿ ಕಡೆಯ ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಎರಡು ಮೈಲಿ ನಡೆಯುತ್ತಿದ್ದೆ.

ಊರಿಗೆ ಎರಡು ಸರ್ಕಾರಿ ಶಾಲೆ. ಊರೊಳಗಿನ ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ನಾಲ್ವರು ಶಿಕ್ಷಕರಿದ್ದೆವು. ಹಳ್ಳದ ಆಚೆ, ದಲಿತರ ಕಾಲೋನಿಯಲ್ಲಿ, ನಾಲ್ಕನೆಯವರೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಅವರು ಮೀಟಿಂಗಿಗೆ ಹೋದ ದಿನ ಬಾಗಿಲಿಗೆ ಬೀಗ. ನಾಲ್ಕು ಮುಗಿಸಿ ಐದಕ್ಕೆ ನಮ್ಮಲ್ಲಿಗೆ ಬರುತ್ತಿದ್ದವರು ಒಬ್ಬಿಬ್ಬರು. ಅವರು ಅಕ್ಷರ ಕೂಡಿಸಲು ಬಾರದೆ ಹಿಂದಿನ ಸಾಲಿನಲ್ಲಿ ಕೂತು, ದೀಪಾವಳಿಯ ಹೊತ್ತಿಗೆ ಬರುವುದನ್ನು ನಿಲ್ಲಿಸುತ್ತಿದ್ದರು. ಮಕ್ಕಳ ಗಣತಿಗೆ ಹೊರಟಾಗ ನಾವು ಹಳ್ಳದ ಈಚೆಯ ಮನೆಗಳನ್ನಷ್ಟೇ ಬರೆದುಕೊಳ್ಳುತ್ತಿದ್ದೆವು. ಹಾಗೆ ಮಾಡಿ ಎಂದು ಆದೇಶವೇನೂ ಇರಲಿಲ್ಲ. ಯಾಕೆ ಹೀಗೆ ಎಂದು ನಾನೂ ಕೇಳಿರಲಿಲ್ಲ.

ಒಂದು ಜೂನಿನಲ್ಲಿ ಆಚೆಯಿಂದ ಒಬ್ಬ ತಾಯಿ ತನ್ನ ಚಿಕ್ಕ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದಳು. ನಿಮ್ಮ ಕಡೆ ಶಾಲೆ ಇದೆಯಲ್ಲ, ಅಲ್ಲಿಗೇ ಸೇರಿಸು ಎಂದರು ಹೆಡ್‌ಮಾಸ್ತರು. ಅವಳು ಹೋಗಲಿಲ್ಲ. ಶೇಂಗಾ ಹೊಲದ ಕೂಲಿ ಬಿಟ್ಟು ಮಧ್ಯಾಹ್ನದ ಗಂಟೆಯವರೆಗೆ ಮೆಟ್ಟಿಲ ಮೇಲೆ ಕೂತಿದ್ದು, ಕೊನೆಗೆ ನನ್ನ ಹತ್ತಿರ ಬಂದಳು.

“ದೊಡ್ಡಾಕಿ ಅಲ್ಲಿ ನಾಕು ವರ್ಷ ಕುಂತು ಬಂದ್ಲ್ರಿ. ಹೆಸ್ರು ಬರಿಯಾಕ ಬರಂಗಿಲ್ಲ. ಇಕೀನರ ಇಲ್ಲಿ ಹಚ್ಕೊಳ್ರಿ.”

ಹೆಡ್‌ಮಾಸ್ತರು ಹೇಳಿದ್ದನ್ನೇ ನಾನೂ ಮೆತ್ತಗೆ ಹೇಳಿದೆ. ಸಣ್ಣ ಮಗು, ಮನೆಯ ಹತ್ತಿರವೇ ಓದಲಿ ಎಂದೆ.

“ನಿಮ್ಮ ಮಗಳು ಯಾವ ಸಾಲಿಗಿ ಹೋಗ್ತಾಳ್ರಿ ಟೀಚರಮ್ಮ?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದಳು. ನಮ್ಮ ಓಣಿಯಲ್ಲೇ ಸರ್ಕಾರಿ ಶಾಲೆಯಿತ್ತು. ನನ್ನ ಮಗಳು ಅದನ್ನು ದಾಟಿ ಆಟೋದಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು “ಹೌದ್ರಿ” ಎಂದಳು. ನಾನು ದಾಖಲಾತಿ ಪುಸ್ತಕ ತೆಗೆದು ಹುಡುಗಿಯ ಹೆಸರು ಬರೆದೆ. ಹೆಡ್‌ಮಾಸ್ತರು ಎರಡು ದಿನ ಸಹಿ ಹಾಕಲಿಲ್ಲ. ಮುಂದೆ ಏನಾದರೂ ಆದರೆ ನೀವೇ ನೋಡಿಕೊಳ್ಳಿ ಎಂದು ಮೂರನೆಯ ದಿನ ಹಾಕಿದರು.

ಮರುವರ್ಷ ಆಚೆಯಿಂದ ಇನ್ನೂ ನಾಲ್ಕು ಮಕ್ಕಳು ಬಂದರು. ಆಚೆಯವರು ಹಿಂದಿನ ಸಾಲಿಗೆ ಎಂಬ ರೂಢಿ ಬಿಟ್ಟು, ನನ್ನ ತರಗತಿಯಲ್ಲಿ ಎಲ್ಲರನ್ನೂ ಎತ್ತರ ನೋಡಿ ಕೂರಿಸಿದೆ. ವಾರದೊಳಗೆ ಊರಿನ ಹಿರಿಯರೊಬ್ಬರು ಬಂದರು. ಅವರ ಮೊಮ್ಮಗ ನನ್ನ ತರಗತಿಯಲ್ಲಿದ್ದ. ಚಹಾ ಕುಡಿದು, ಮಳೆಯ ಮಾತಾಡಿ, ಏಳುವಾಗ ಹೇಳಿದರು: “ಓದ್ಲಿ, ಬ್ಯಾಡ ಅನ್ನಂಗಿಲ್ಲ. ಕುಂದ್ರಿಸೋದು ಮಾತ್ರ ಮೊದ್ಲಿನಂಗ ಇರ್ಲಿ ನೋಡ್ರಿ.”

ಆಗುವುದಿಲ್ಲ ಎಂದೆ. ಅವರು ಜಗಳ ಮಾಡದೆ, ಕೈಮುಗಿದು ಹೋದರು.

ಮುಂದಿನ ಜೂನಿನಲ್ಲಿ ಕೊಟ್ಟೂರಿನ ಕಡೆಯಿಂದ ಖಾಸಗಿ ಶಾಲೆಯೊಂದರ ಹಳದಿ ವ್ಯಾನು ಊರೊಳಗೆ ಬರತೊಡಗಿತು. ಮೊದಲು ಹತ್ತಿದವನು ಆ ಮೊಮ್ಮಗನೇ. ಎಲ್ಲರೂ ಇಂಗ್ಲಿಷ್ ಸಲುವಾಗಿ ಎಂದೇ ಹೇಳಿದರು. ಕೆಲವರ ಮಟ್ಟಿಗೆ ಅದು ನಿಜವೂ ಇದ್ದೀತು. ನಾನು ವರ್ಗಾವಣೆ ಪತ್ರಗಳನ್ನು ಬರೆಯುತ್ತ ಹೋದೆ. ಶಾಲೆ ಬಿಡಲು ಕಾರಣ ಎಂಬಲ್ಲಿ ‘ಪೋಷಕರ ಇಚ್ಛೆ’ ಎಂದು ತುಂಬುತ್ತಿದ್ದೆ. ಯಾರನ್ನೂ ತಡೆಯಲು ಹೋಗಲಿಲ್ಲ. ನನ್ನ ಮಗಳೂ ಇಂಥದೇ ಶಾಲೆಯಲ್ಲಿ ಓದುತ್ತಿದ್ದಳಲ್ಲ.

ನಾಲ್ಕೈದು ವರ್ಷಗಳಲ್ಲಿ ನಮ್ಮ ಕೋಣೆಗಳು ಖಾಲಿಯಾದವು. ಮಕ್ಕಳು ಕಡಿಮೆಯೆಂದು ಕಾಲೋನಿಯ ಶಾಲೆಯನ್ನು ನಮ್ಮದರಲ್ಲಿ ಸೇರಿಸುವ ಆದೇಶ ಬಂತು. ಆಚೆಯ ಮೇಷ್ಟ್ರು ಕಪ್ಪುಹಲಗೆಯನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹಳ್ಳ ದಾಟಿ ಬಂದರು. ಈಗ ಎಲ್ಲ ಬೆಂಚುಗಳಲ್ಲೂ ಆಚೆಯ ಮಕ್ಕಳೇ. ಊರಿನವರೆಂದರೆ ವ್ಯಾನಿಗೆ ಕಳಿಸಲಾಗದ ಮೂರು ಮನೆಯವರು. ಆ ವರ್ಷ ತಪಾಸಣೆಗೆ ಬಂದ ಅಧಿಕಾರಿ, ಮಕ್ಕಳು ಭೇದವಿಲ್ಲದೆ ಒಟ್ಟಿಗೆ ಕೂರುತ್ತಾರೆ, ಸಂತೋಷ, ಎಂದು ಸಂದರ್ಶನ ಪುಸ್ತಕದಲ್ಲಿ ಬರೆದು ಹೋದರು. ಅದನ್ನು ಓದಿ ಮುಚ್ಚಿಟ್ಟೆ.

ಆಚೆಯಿಂದ ಮೊದಲು ಸೇರಿದ್ದ ಆ ಹುಡುಗಿ ಏಳನೆಯದನ್ನು ಚೆನ್ನಾಗಿ ಪಾಸು ಮಾಡಿ ಹೊಸಹಳ್ಳಿಯ ಹೈಸ್ಕೂಲಿಗೆ ಹೋದಳು. ಕ್ರಾಸಿನಲ್ಲಿ ಬಸ್ಸಿಗೆ ನಿಂತಾಗ ಕೆಲವು ದಿನ ಕಾಣುತ್ತಿದ್ದಳು. ಗಣಿತ ಕಷ್ಟವೆಂದೂ, ಗೆಳತಿಯೊಬ್ಬಳು ಹೇಳಿಕೊಡುತ್ತಾಳೆಂದೂ ಹೇಳುತ್ತಿದ್ದಳು. ಆ ಗೆಳತಿ ಯಾವ ಕಡೆಯವಳೆಂದು ಕೇಳುವ ಮಾತು ತುದಿನಾಲಿಗೆಗೆ ಬಂದರೂ ನಾನು ಕೇಳಲಿಲ್ಲ.

ಮುಂದಿನ ವರ್ಷ ಕೂಡ್ಲಿಗಿಗೆ ವರ್ಗ ಕೇಳಿ ಅರ್ಜಿ ಹಾಕಿದೆ. ಮಂಡಿನೋವು, ನಡೆಯಲಾಗುವುದಿಲ್ಲ ಎಂದು ಬರೆದೆ. ಮಂಡಿ ನೋಯುತ್ತಿದ್ದದ್ದೇನೋ ನಿಜ.