ಸೀನಲಾರದ ರಾಜನ ಅರ್ಧ ಕತೆ

ಎಂಬತ್ತರ ದಶಕದ ಒಂದು ಬೇಸಿಗೆ. ಬನಹಟ್ಟಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ, ಊರಿನವರ ಬಾಯಲ್ಲಿ ಅಕ್ಕೋರು. ನೇಕಾರರ ಮಕ್ಕಳಿಗೆ ರಜೆಯಲ್ಲಿ ಫೀ ಇಲ್ಲದ ಶಿಬಿರ ನಡೆಸಬೇಕೆಂದು ನಾನೂ ಒಬ್ಬ ನಿವೃತ್ತ ಹೆಡ್‌ಮಾಸ್ತರರೂ ಹೊರಟಿದ್ದೆವು. ರಸೀದಿ ಪುಸ್ತಕ ಹಿಡಿದು ತಿರುಗಿದರೆ ಜನ ಚಹಾ ಕೊಟ್ಟರು, ರೊಕ್ಕ ಕೊಡಲಿಲ್ಲ. ಆಗ ಹೆಡ್‌ಮಾಸ್ತರರಿಗೆ ಕತೆಯ ಉಪಾಯ ಹೊಳೆಯಿತು. ಮಧ್ಯಾಹ್ನ ಕರೆಂಟು ಹೋದರೆ ಮಗ್ಗ ನಿಂತು ಓಣಿಯ ಜನವೆಲ್ಲ ಕಟ್ಟೆಗೆ ಬಂದು ಕೂಡುತ್ತಾರೆ. ಆ ಹೊತ್ತಿಗೆ ಒಂದು ಕತೆ ಹೇಳಿಸಿ ಜೋಳಿಗೆ ಹಿಡಿಯೋಣ ಎಂದರು.

ಹೇಳಲು ಒಪ್ಪಿದವಳು ಓಣಿಗೆ ಬೆಣ್ಣೆ ಮಾರಲು ಬರುತ್ತಿದ್ದ, ಕುರಿ ಕಾಯುವ ಮನೆತನದ ಅಜ್ಜಿ. ಬೀರೇಶ್ವರನಿಗೆ ಕೈಮುಗಿದು ಶುರುಮಾಡಿದಳು. ಒಬ್ಬ ರಾಜ. ತಂಗಿಯನ್ನು ಗಂಡನ ಮನೆಗೆ ಕಳಿಸುವಾಗ ಅಪಶಕುನ ಆಗಬಾರದೆಂದು ಒಂದು ಸೀನು ತಡೆದ. ಅದು ಮೂಗಿನಲ್ಲೇ ಸಿಕ್ಕಿಕೊಂಡಿತು. ಯಾವಾಗ ಹೊರಬಿದ್ದೀತೋ ಎಂದು ಹನ್ನೆರಡು ವರ್ಷ ರಾಜ್ಯದಲ್ಲಿ ಮದುವೆಗಳು ನಿಂತವು, ದಂಡು ಹೊರಡಲಿಲ್ಲ, ಮಂತ್ರಿ ಕರವಸ್ತ್ರ ಹಿಡಿದು ನಿಂತಲ್ಲೇ ಮುದುಕನಾದ. ಕೊನೆಗೆ ಕುರಿ ಕಾಯುವ ಹುಡುಗಿಯೊಬ್ಬಳು ಒಂದೆಳೆ ಉಣ್ಣೆ ಹಿಡಿದು ಅರಮನೆಗೆ ಬಂದಳು.

ಅಷ್ಟರಲ್ಲಿ ಕರೆಂಟು ಬಂತು. ಯಾರೂ ಏಳಲಿಲ್ಲ. ಜೋಳಿಗೆ ಎರಡು ಸುತ್ತು ತಿರುಗಿ ತುಂಬಿತು. ಹುಡುಗಿ ಉಣ್ಣೆಯನ್ನು ರಾಜನ ಮೂಗಿನ ಹತ್ತಿರ ಒಯ್ದಳು. ಅಜ್ಜಿ ಬೆಣ್ಣೆಯ ಗಡಿಗೆ ಎತ್ತಿಕೊಂಡು ಎದ್ದಳು.

"ಮುಂದೇನಾತವ್ವಾ?" ಎಂದರು ಹೆಡ್‌ಮಾಸ್ತರರು.

"ಮುಂದಿಂದು ನನ್ನ ಕಡೆ ಇಲ್ರಿ. ನಮ್ಮಪ್ಪ ಕುರಿ ಹಂಚಿದಂಗ ಕತೀನೂ ಹಂಚ್ಯಾನ. ಮೊದಲಿನ ಅರ್ಧ ನಂದು. ಉಳಿದಿದ್ದು ತುಬಚಿಯೊಳಗ ಅಕ್ಕನ ಕಡೆ ಐತಿ."

ಒಂದು ಕರಿ ಕುರಿಯ ಜಗಳದಿಂದ ಅಕ್ಕತಂಗಿಯರು ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದ ನೂಲಿನ ವ್ಯಾಪಾರಿ, ಪೂರ್ತಿ ಕತೆ ಕೊಡಿ, ಇಲ್ಲವೇ ರೊಕ್ಕ ತಿರುಗಿ ಕೊಡಿ ಎಂದು ಕೂತ. ಮರುದಿನ ಬೆಳಿಗ್ಗೆ ಅವನದೇ ಟೆಂಪೋದಲ್ಲಿ, ನೂಲಿನ ಗಂಟುಗಳ ಮೇಲೆ ಕೂತು, ಅಜ್ಜಿ, ಹೆಡ್‌ಮಾಸ್ತರರು, ನಾನು ಜಮಖಂಡಿ ದಾಟಿ ತುಬಚಿಗೆ ಹೋದೆವು. ಮೋಸವಾಗದಿರಲೆಂದು ವ್ಯಾಪಾರಿಯೂ ಬಂದ.

ತಂಗಿಯನ್ನು ಕಂಡದ್ದೇ ಅಕ್ಕ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ವ್ಯಾಪಾರಿ ಹೊಸ ಕರಿ ಕುರಿ ಕೊಡಿಸುತ್ತೇನೆಂದ. ಅವಳಿಗೆ ಅದೇ ಕುರಿ ಬೇಕು. ಅದು ಸತ್ತು ಎಂಟು ವರ್ಷವಾಗಿತ್ತು. ಮೂವತ್ತು ವರ್ಷ ಮಕ್ಕಳ ಬಳಪದ ಜಗಳ ಬಗೆಹರಿಸಿದ್ದ ಹೆಡ್‌ಮಾಸ್ತರರು ಸೋತು ನೀರು ಕೇಳಿದರು. ಕೊನೆಗೆ ಅಕ್ಕ ನನ್ನನ್ನು ಹತ್ತಿರ ಕರೆದು, ನನ್ನೊಬ್ಬಳ ಕಿವಿಯಲ್ಲಿ ಮಾತ್ರ ಹೇಳುವುದಾಗಿ ಒಪ್ಪಿದಳು.

ಅವಳು ಪಿಸುಗುಟ್ಟತೊಡಗಿದಾಗ ತಿರುಗಿ ನೋಡಿದೆ. ಅಜ್ಜಿ ಕಿವಿಗೆ ಕೈ ಹಚ್ಚಿಕೊಂಡು ನಮ್ಮ ಬೆನ್ನ ಹಿಂದೆಯೇ ಬಂದು ನಿಂತಿದ್ದಳು.

"ನಿನಗೂ ಗೊತ್ತಿಲ್ಲೇನಬೇ?" ಎಂದೆ.

"ಅಪ್ಪ ಹೇಳಲೇ ಇಲ್ರಿ ಅಕ್ಕೋರ. ನಾ ಅರ್ಧಕ್ಕ ನಿಂದ್ರಿಸಿದ್ರ ಯಾರರ ಹೋಗಿ ಕೇಳ್ಯಾರು ಅಂತನ ನಿಮ್ಮ ಶಿಬಿರಕ್ಕ ಒಪ್ಪಿದ್ನಿ."

ಅಕ್ಕ ಪಿಸುಗುಟ್ಟುವುದನ್ನು ನಿಲ್ಲಿಸಿದಳು. ಆಮೇಲೆ ಗೋಡೆಯನ್ನೇ ನೋಡುತ್ತ ಹೇಳಿದಳು: "ಆ ರಾಜಾಗ ಸೀನು ಯಾಕ ಸಿಕ್ಕೊಂಡಿತ್ತಂತ ಅಕಿನ್ನ ಕೇಳ್ರಿ. ಮುದುಕಿ ಆದ್ನಿ, ನನಗೂ ಗೊತ್ತಿಲ್ಲ."

ತಂಗಿ ಹೇಳಿದಳು. ಕತೆಯಲ್ಲಿ ರಾಜ ತನ್ನ ತಂಗಿಯನ್ನು ಕಳಿಸುವ ಜಾಗ ಬಂದಾಗ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಯಾರೂ ಕರೆಯದೆಯೇ ಟೆಂಪೋ ಹತ್ತಿದಳು.

ಎರಡು ದಿನದ ನಂತರ ಕರೆಂಟು ಹೋದಾಗ ಅದೇ ಕಟ್ಟೆಯ ಮೇಲೆ ಇಬ್ಬರೂ ಪೂರ್ತಿ ಕತೆ ಹೇಳಿದರು. ರಾಜ ಸೀನಿದ. ಅರಮನೆಯ ದೀಪಗಳು ಆರಿದವು, ಮಂತ್ರಿಯ ತಲೆಯ ರುಮಾಲು ಹಾರಿ ಬಾವಿಗೆ ಬಿತ್ತು, ಹುಡುಗಿ ತನ್ನ ಕುರಿ ಹೊಡೆದುಕೊಂಡು ಹೋದಳು. ಅಷ್ಟೇ. ವ್ಯಾಪಾರಿಗೆ ಸಿಟ್ಟು ಬಂತು. ಹುಡುಗಿಗೂ ರಾಜನಿಗೂ ಮದುವೆ ಮಾಡಿದರೆ ಇನ್ನಷ್ಟು ಕೊಡುತ್ತೇನೆಂದ. ಹೆಡ್‌ಮಾಸ್ತರರು ಶಿಬಿರದ ಆಸೆಗೆ ಅಜ್ಜಿಯರ ಕಡೆ ದೈನ್ಯದಿಂದ ನೋಡಿದರು.

"ಅಕಿಗೆ ರಾಜಾ ಯಾಕ ಬೇಕ್ರಿ? ಕುರಿ ಅದಾವಲ್ಲ," ಎಂದಳು ಅಕ್ಕ. ತಂಗಿ ಹೌದೆಂದು ತಲೆಯಾಡಿಸಿದಳು.

ವ್ಯಾಪಾರಿ ಮುನಿಸಿಕೊಂಡು ಹೋದ. ಮರುದಿನ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಸೇರಿಸಲು ಕರೆತಂದ. ಶಿಬಿರ ಮೂರು ವಾರ ನಡೆಯಿತು. ಅಷ್ಟೂ ದಿನ ಅಕ್ಕ ತಂಗಿಯ ಮನೆಯಲ್ಲೇ ಉಳಿದಳು. ದಿನಾ ಊಟಕ್ಕೆ ಕೂತಾಗ ಸತ್ತ ಕುರಿಯ ಜಗಳ ಹೊಸದಾಗಿ ಶುರುವಾಗುತ್ತಿತ್ತಂತೆ.