ಮೊಸರಿನವಳ ಬಸ್ಸು

"ಮೊಸರಾ... ಬೆಣ್ಣೀ..." ಈ ಎರಡು ಕೂಗಿನ ನಡುವೆ ಒಂದು ಏದುಸಿರು. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಬೆಳಗಿನ ಏಳಕ್ಕೆ ಅದೇ ನನ್ನ ಅಲಾರಂ. ವರ್ಷ ಕಳೆದಂತೆ ಏದುಸಿರು ಉದ್ದವಾಯಿತು, ಕೂಗು ಗಿಡ್ಡವಾಯಿತು.

ಮೊಸರಿನವಳು ಉಪ್ಪಿನಬೆಟಗೇರಿಯಿಂದ ಮೊದಲ ಬಸ್ಸಿಗೆ ಧಾರವಾಡಕ್ಕೆ ಬಂದು, ಸ್ಟ್ಯಾಂಡಿನಿಂದ ನಮ್ಮ ಓಣಿಯವರೆಗೆ ಬುಟ್ಟಿ ಹೊತ್ತು ನಡೆಯುತ್ತಿದ್ದಳು. ಒಂದು ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಮೊಣಕಾಲು ನೀವಿಕೊಂಡಳು.

"ಅಕ್ಕಾರ, ಡಾಕ್ಟರು ಬುಟ್ಟಿ ಹೊರಬ್ಯಾಡ ಅಂದಾರ. ನಿಮ್ಮ ಓಣೀಗೆ ಬಸ್ ಬಂದ್ರ ಯಾಪಾರ ಉಳಿತೈತಿ, ಇಲ್ಲಂದ್ರ ಬಿಡೂದ. ನೀವು ಬಸ್ಸಿನ ಸಾಹೇಬ್ರಿಗೆ ಇಂಗ್ಲೀಷಿನ್ಯಾಗ ಅರ್ಜಿ ಬರೀರಿ. ಮುಂಜಾನಿ ಆರೂವರಿ ಅಂತ ಹಾಕ್ರಿ ಮತ್ತ. ಬಿಸಲೇರಿದ್ರ ಮೊಸರು ಹುಳಿ ಆಕ್ಕೈತಿ."

ಕಾನ್ವೆಂಟಿನಲ್ಲಿ ಲೆಟರ್ ರೈಟಿಂಗಿಗೆ ಪ್ರೈಜ್ ಪಡೆದವಳು ನಾನು. ಮೂರು ಡ್ರಾಫ್ಟ್ ಮಾಡಿದೆ. 'ರೆಸ್ಪೆಕ್ಟೆಡ್ ಸರ್'ನಿಂದ 'ಯುವರ್ಸ್ ಫೇತ್‌ಫುಲಿ'ವರೆಗೆ ಒಂದು ಕಾಮಾ ಸಹ ಜಾಗ ತಪ್ಪಿರಲಿಲ್ಲ. ಆರೂವರೆ ಎಂಬುದೊಂದೇ ಆ ಚೆಂದದ ವಾಕ್ಯದಲ್ಲಿ ಸಂತೆಯ ಕೂಗಿನಂತೆ ಕಂಡಿತು. ಅದನ್ನು ತೆಗೆದು 'ಅಟ್ ಎ ಸೂಟಬಲ್ ಅವರ್', ಅಂದರೆ ಅನುಕೂಲದ ಹೊತ್ತಿಗೆ, ಎಂದು ಬರೆದೆ. ಓಣಿಯವರೆಲ್ಲ ಓದದೆ ಸಹಿ ಹಾಕಿದರು.

ಆಶ್ಚರ್ಯ, ಬಸ್ಸು ಬಂತು! ಉದ್ಘಾಟನೆಗೆ ಬಸ್ಸಿನ ಬಾಗಿಲಿಗೆ ಅಡ್ಡವಾಗಿ ಬಾಳೆಕಂದು ಬಿಗಿದು, ಮೇಲೆ ಚೆಂಡುಹೂವಿನ ಮಾಲೆ ಸುತ್ತಿದ್ದರು. ಮುಖ್ಯ ಅತಿಥಿ ರಿಬ್ಬನ್ ಕತ್ತರಿಸಿದರು, ಬಾಗಿಲು ತೆರೆಯಲಿಲ್ಲ. ಅದು ಆಟೋಮ್ಯಾಟಿಕ್, ಬಾಳೆಕಂದಿಗೆ ಸಿಕ್ಕಿಕೊಂಡಿತ್ತು.

"ಬಾಳಿಕಂದು ಕಡೀರಿ ಲಗೂ!" ಎಂದ ಕಂಡಕ್ಟರ್.

"ಏ, ಮಂಗಳಕಾರ್ಯದಾಗ ಬಾಳಿ ಕಡೀತಾರೇನೋ?" ಎಂದು ಓಣಿಯ ಹಿರಿಯ ಕಾಕಾ ಗದರಿದರು.

ರಾಹುಕಾಲ ಹತ್ತಿರವಾಗಿತ್ತು. ಹಸಿರು ಬಾವುಟ ಬೀಸಿಯೇ ಬಿಟ್ಟರು. ಒಳಗಿದ್ದ ಡ್ರೈವರ್ ಒಬ್ಬನನ್ನೇ ಹೊತ್ತು ಬಸ್ಸು ಹೊರಟಿತು. ಕಂಡಕ್ಟರ್ ನಮ್ಮೊಂದಿಗೆ ನಿಂತು ಚಪ್ಪಾಳೆ ತಟ್ಟಿದ.

ಸಾರಿಗೆ ಸಂಸ್ಥೆಯ ಸಾಹೇಬರು ನನ್ನತ್ತ ಬಂದರು. "ಎಂಥಾ ಇಂಗ್ಲೀಷ್ ಮೇಡಂ ನಿಮ್ದು! ಸೂಟಬಲ್ ಅಂದಿದ್ರಿ, ಹತ್ತೂವರಿ ಇಟ್ಟೀವಿ. ಎಲ್ಲಾರೂ ನಾಷ್ಟಾ ಮಾಡಿ ಆರಾಮ ಹೊಂಡಬಹುದು."

ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತಿದ್ದವಳು ಕೇಳಿದಳು: "ಆರೂವರಿ ಅಂತ ಬರದಿದ್ರಿಲ್ಲೋ, ಅಕ್ಕಾರ?"

"ಬರದಿದ್ದೆನವಾ" ಎಂದುಬಿಟ್ಟೆ.

"ಹಂಗಾರ ಸಾಹೇಬ್ರಿಗೆ ಇಂಗ್ಲೀಷ್ ಬರಂಗಿಲ್ಲ ಬಿಡ್ರಿ. ಪಾಪ."

ಮರುದಿನವೇ ಎರಡನೆಯ ಅರ್ಜಿ ಹಾಕಿದೆ, 'ಆರೂವರೆ'ಯ ಕೆಳಗೆ ಕೆಂಪು ಗೆರೆ ಎಳೆದು. 'ಅಂಡರ್ ಕನ್ಸಿಡರೇಶನ್' ಎಂದು ಉತ್ತರ ಬಂತು. ಅದು ಇಂದಿಗೂ ಕನ್ಸಿಡರ್ ಆಗುತ್ತಲೇ ಇದೆ. ಬೆಳಗಿನ ಕೂಗು ಮಾತ್ರ ಆ ಮಳೆಗಾಲಕ್ಕೇ ನಿಂತಿತು.

ದೀಪಾವಳಿಗೆ ಮುಂಚೆ ಒಂದು ದಿನ ಹತ್ತೂವರೆಯ ಬಸ್ಸಿನಿಂದ ಅವಳು ಇಳಿದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಕೈಯಲ್ಲೊಂದು ಪುಟ್ಟ ಗಡಿಗೆ.

"ಎಮ್ಮಿ ಮಾರಿದ್ವಿ, ಅಕ್ಕಾರ. ಇದು ಕಡೀ ಮೊಸರು, ನಿಮಗಂತ ತಂದೆ. ನಿಮ್ಮ ಬಸ್ಸಿನ್ಯಾಗ ಒಮ್ಮೆ ಕುಂದರೂ ಆಸೆ ಇತ್ತು. ಸೀಟು ಭಾಳ ಮೆತ್ತಗ ಅದಾವು!"

"ನಿಲ್ಲವಾ, ಆ ಅರ್ಜಿದೊಂದು ಮಾತು ಹೇಳೂದೈತಿ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಅವಳು ಕಾಲೆಳೆಯುತ್ತ ಓಡಿ ಹತ್ತಿದಳು. ಖಾಲಿ ಬಸ್ಸಿನ ಕಿಟಕಿಯಿಂದ, ನಾನು ದೊಡ್ಡ ಉಪಕಾರ ಮಾಡಿದವಳೇನೋ ಎಂಬಂತೆ, ಎರಡೂ ಕೈ ಜೋಡಿಸಿದಳು. ಅದೇ ಅವಳನ್ನು ಕೊನೆಯದಾಗಿ ಕಂಡದ್ದು.

ಮೊಸರು ತುಸು ಹುಳಿಯಾಗಿತ್ತು.