ದರ್ಜಿ ಕೊಯ್ದ ನೆಲ

ನನ್ನ ತಂಗಿಗೆ ಬೀದಿಯವರು ಇಟ್ಟ ಹೆಸರು ಮಿಷನ್ನಮ್ಮ. ಹೊಲಿಗೆಗೆ ಕೂತಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಈಗ ತಲೆ ಪೂರ್ತಿ ನರೆತಿದೆ, ಆ ಕುರ್ಚಿಯಿಂದ ಎದ್ದಿಲ್ಲ. ಲಾರಿಯ ಟಾರ್ಪಾಲು, ಆಸ್ಪತ್ರೆಯ ಪರದೆ, ಡ್ರೈವರುಗಳ ಸಮವಸ್ತ್ರ ಅವಳ ಕೆಲಸ. ಬಟ್ಟೆ ದಪ್ಪವಾದಷ್ಟೂ ಹುರುಪು. ನವಿರಾದ ಬಟ್ಟೆ ಹಿಡಿದು ಬಂದವರನ್ನು ಪಕ್ಕದ ಬೀದಿಗೆ ಕಳಿಸಿಬಿಡುತ್ತಾಳೆ. ಅವಳ ಗಂಡ ಬಸ್ಸು ಓಡಿಸುತ್ತಿದ್ದವನು. ಸಮವಸ್ತ್ರಕ್ಕೆ ಅಳತೆ ಕೊಡಲು ಬಂದವನು ಅಲ್ಲೇ ಉಳಿದುಕೊಂಡ ಎಂಬುದು ನಮ್ಮ ಮನೆಯ ಹಳೆಯ ತಮಾಷೆ.

ಇಬ್ಬರೂ ಪ್ರಾಯದಲ್ಲಿ ಸೇರಿ ಕೊಂಡ ಆಸ್ತಿಯೆಂದರೆ ಗುಡ್ಡದ ಮೇಲಿನ ಒಂದು ಕೋಣೆಯ ಮರದ ಮನೆ. ರಸ್ತೆ ಕೆಳಗೆ ಹೊಳೆಯ ಹತ್ತಿರವೇ ನಿಂತುಹೋಗುತ್ತದೆ. ಅಲ್ಲಿಂದ ಕಾಲುಸೇತುವೆ, ಆಮೇಲೆ ಹಾವಿನ ಹಾಗೆ ಸುತ್ತುವ ಕಾಲುದಾರಿ. ಗಂಡ ನಿವೃತ್ತನಾದ ಮೇಲೆ ಅರ್ಧ ವರ್ಷ ಅಲ್ಲೇ ಇರುವುದು, ಅವಳು ಕೈಮಿಷನ್ ಒಂದನ್ನು ಒಯ್ದು ಅಲ್ಲೇ ಹೊಲಿಯುವುದು ಎಂದು ಲೆಕ್ಕ ಹಾಕಿದ್ದರು. ಅವನು ನಿವೃತ್ತನಾದ. ಅದೇ ವರ್ಷ ಬಿರುಗಾಳಿಯ ಮರುದಿನ ನಾವು ಮೂವರೂ ಹತ್ತಿ ಹೋಗಿ ಬಾಗಿಲು ತೆರೆದೆವು. ಅವನು ಒಳಗೆ ಕಾಲಿಟ್ಟ. ಕೊಳೆತು ಲಡ್ಡಾಗಿದ್ದ ಹಲಗೆಯ ನೆಲ ಮುರಿದು, ಕಾಲು ಮೊಣಕಾಲಿನ ತನಕ ಕೆಳಗಿಳಿಯಿತು.

"ಸಾಕು ಕಣೇ, ಇದನ್ನ ಯಾರಿಗಾದ್ರೂ ಕೊಟ್ಟುಬಿಡೋಣ," ಅಂದ, ಕಾಲು ಎಳೆದುಕೊಳ್ಳುತ್ತ. "ನೆಲ ಇಲ್ಲದ್ದು ಮನೇನಾ? ಊರಿಂದ ಹಲಗೆ ಹೊರೋಣ ಅಂದ್ರೆ, ಆ ತಿರುವುಗಳಲ್ಲಿ ನಾನೇ ಸರಿಯಾಗಿ ತಿರುಗಲ್ಲ. ಹನ್ನೆರಡು ಅಡಿ ಹಲಗೆ ತಿರುಗುತ್ತಾ?"

ಮನೆಯ ಹಿಂದೆ ಅದೇ ಗಾಳಿಗೆ ಉರುಳಿದ ದೊಡ್ಡ ಮರವೊಂದು ಬಿದ್ದಿತ್ತು. ತಂಗಿ ಅದನ್ನು ತೋರಿಸಿದಳು. "ನೆಲ ಅಲ್ಲೇ ಮಲಗಿದೆಯಲ್ಲ ರೀ. ಎಬ್ಬಿಸಿ ಒಳಗೆ ತರಬೇಕು ಅಷ್ಟೆ."

"ಸಾಮಿಲ್ಲನ್ನ ಬೆನ್ನ ಮೇಲೆ ಹೊತ್ತು ತರ್ತೀಯಾ?"

"ತರ್ತೀನಿ. ಮುಂದಿನ ಚಳಿಯೊಳಗೆ ನೆಲ ಹಾಕದೇ ಇದ್ರೆ ಮನೇನ ಕೊಟ್ಟುಬಿಡಿ. ನಾನು ಬಾಯಿ ತೆಗೆಯಲ್ಲ."

"ನೀನು? ಬಾಯಿ?"

"ಅಕ್ಕ ಸಾಕ್ಷಿ."

ಹೀಗೆ ನಾನು ಸಾಕ್ಷಿಯಾದೆ.

ಹಸಿ ಹಲಗೆ ಹಾಸಿದರೆ ಒಣಗುವಾಗ ಸಂದು ಬಿಡುತ್ತದೆ. ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿ ಹಾಕದವಳಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಬೇಸಿಗೆಗೆ ಮೊದಲೇ ಮರ ಕೊಯ್ದು, ಬೇಸಿಗೆಯುದ್ದಕ್ಕೂ ನೆರಳಲ್ಲಿ ಪೇರಿಸಿಟ್ಟು, ಚಳಿಗೆ ಮುಂಚೆ ಹಾಸಬೇಕು. ಅದಕ್ಕೆ ಬೇಕಾದದ್ದು ಎಂಜಿನ್ನಿನಿಂದ ಓಡುವ ಸರಪಳಿ ಗರಗಸ. ಅದೂ ಕೊಂಬೆ ಕತ್ತರಿಸುವಂಥದ್ದಲ್ಲ, ದಿಮ್ಮಿಯನ್ನು ಉದ್ದಕ್ಕೆ ಸೀಳುವಂಥದ್ದು.

ಅಂಗಡಿಯವನು ನಮ್ಮ ಮೂವರ ತಲೆಗೂದಲು ನೋಡಿದ. ನೋಡಿ, ಕಪಾಟಿನಿಂದ ಹಗುರವಾದದ್ದೊಂದನ್ನು ಇಳಿಸಿದ.

"ಹೆಂಗಸರಿಗೆ ಇದು ಸಾಕಮ್ಮ. ಮಗು ಎತ್ತಿದ ಹಾಗೆ ಎತ್ತಬಹುದು."

"ಮಗು ಎತ್ತಿದ್ದಾಯ್ತು, ಮೊಮ್ಮಗೂನ ಎತ್ತಿದ್ದಾಯ್ತು. ಇದು ದಿಮ್ಮಿ ಸೀಳುತ್ತಾ?" ಅಂದಳು ತಂಗಿ.

"ಉದ್ದ ಬಾರ್ ಹಾಕಿಕೊಡ್ತೀನಿ ಬಿಡಿ," ಅಂದ ಅವನು. ಬಾರ್ ಎಂದರೆ ಸರಪಳಿ ಸುತ್ತಿ ಓಡುವ ಉಕ್ಕಿನ ಪಟ್ಟಿ. ಅಂಗಡಿಯಲ್ಲಿದ್ದ ಅತಿ ಉದ್ದದ ಬಾರನ್ನು ನಮ್ಮ ಡ್ರೈವರು, ಅಂದರೆ ತಂಗಿಯ ಗಂಡ, ಆಗಲೇ ಕೈಯಲ್ಲಿ ಹಿಡಿದು ಹಿಗ್ಗುತ್ತಿದ್ದ.

"ಉದ್ದ ಬಾಲ ಕಟ್ಟಿದ್ರೆ ಕತ್ತೆ ಕುದುರೆ ಆಗಲ್ಲ," ಅಂದೆ. ಭೌತಶಾಸ್ತ್ರ ಕಲಿಸಿದವಳು ನಾನು. ಪಟ್ಟಿ ಉದ್ದವಾದಷ್ಟೂ ಹಲ್ಲುಗಳು ಮರವನ್ನು ಹೆಚ್ಚು ಅಗಲಕ್ಕೆ ಕಚ್ಚುತ್ತವೆ. ಅಷ್ಟನ್ನೂ ಎಳೆಯುವ ಶಕ್ತಿ ಎಂಜಿನ್ನಿಗಿರಬೇಕು.

ತಂಗಿ ನನ್ನ ಮಾತನ್ನೂ ಪೂರ್ತಿ ನಂಬಲಿಲ್ಲ. ಹೊಲಿಗೆ ಮಿಷನ್ ಕೊಳ್ಳುವಾಗ ಅವಳದೊಂದು ಪದ್ಧತಿ ಇದೆ: ಟಾರ್ಪಾಲನ್ನು ಎಂಟು ಮಡಿಕೆ ಮಾಡಿ ಸೂಜಿಯ ಕೆಳಗೆ ತಳ್ಳಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಾಳೆ. ಇಲ್ಲೂ ಅದೇ. ಹಿತ್ತಲಲ್ಲಿ ಬಿದ್ದಿದ್ದ ತುಂಡೊಂದನ್ನು ತೋರಿಸಿ, "ಇದನ್ನ ಉದ್ದಕ್ಕೆ ಸೀಳಿ ತೋರಿಸಿ," ಅಂದಳು.

"ಯಾರೂ ಹಾಗೆ ಕೇಳಲ್ಲಮ್ಮ. ಅಡ್ಡಕ್ಕೆ ಕತ್ತರಿಸಿ ತೋರಿಸ್ತೀನಿ."

"ಅಡ್ಡಕ್ಕೆ ನನ್ನ ಕತ್ತರೀನೂ ಹೋಗುತ್ತೆ."

ಹಗುರವಾದದ್ದು ಗೇಣುದ್ದ ಹೋಗುವಷ್ಟರಲ್ಲಿ ಉಬ್ಬಸ ಬಂದವರಂತೆ ಏದುಸಿರು ಬಿಟ್ಟಿತು. ನಡುವಿನದು ಇನ್ನಷ್ಟು ಹೋಗಿ, ಸುಟ್ಟ ವಾಸನೆ ಹೊಡೆದು ನಿಂತಿತು. ಮೂರನೆಯದನ್ನು ಅಂಗಡಿಯವನು ಗೊಣಗುತ್ತಲೇ ತಂದ. ಅದು ಕೊಯ್ಯಲು ತೊಡಗಿದಾಗ ಸದ್ದು ತಗ್ಗಲೂ ಇಲ್ಲ, ಏರಲೂ ಇಲ್ಲ. ಕಣ್ಣು ಮುಚ್ಚಿ ನಿಂತಿದ್ದ ತಂಗಿ ತಲೆಯಾಡಿಸಿದಳು.

"ಇದು."

"ಲೇ, ಎತ್ತಿ ನೋಡು ಮೊದಲು," ಅಂದ ಗಂಡ. ಅವಳ ಬಲಭುಜ ಎಂದೋ ಸವೆದಿದೆ. ಎತ್ತಿದಳು, ಸೊಂಟದ ಮಟ್ಟಕ್ಕೆ ಬರಲಿಲ್ಲ.

ಅಂಗಡಿಯವನು ನಕ್ಕ. "ನಾನು ಹೇಳಲಿಲ್ವಾ?"

"ನಗಬೇಡಪ್ಪ. ಹೊಲಿಯೋರು ಮಿಷನ್ ಎತ್ತಿಕೊಂಡು ಹೊಲೀತಾರಾ? ಮಿಷನ್ ಕೂತಿರುತ್ತೆ, ಬಟ್ಟೆ ಹೋಗುತ್ತೆ. ಅಲ್ಲಿ ಬಟ್ಟೆ ಮಲಗಿರುತ್ತೆ, ಮಿಷನ್ ಹೋಗುತ್ತೆ. ಭಾರ ಹೊರೋದು ದಿಮ್ಮಿ, ನಾನಲ್ಲ. ನಾನು ತಳ್ಳೋಳು."

ಮಾತು ಸರಿಯಾಗಿತ್ತು. ಗರಗಸವನ್ನು ಒಂದು ಕಬ್ಬಿಣದ ಚೌಕಟ್ಟಿಗೆ ಬಿಗಿದು ದಿಮ್ಮಿಯ ಮೇಲೆ ಜಾರಿಸುತ್ತಾರೆ. ಹಲಗೆಯ ದಪ್ಪವನ್ನು ಆ ಚೌಕಟ್ಟೇ ಕಾಯುತ್ತದೆ. ಅಂಗಡಿಯವನು ಅದನ್ನೂ, ಉದ್ದಕ್ಕೆ ಸೀಳಲೆಂದೇ ಹಲ್ಲು ಮಸೆದ ಸರಪಳಿಯನ್ನೂ ಒಳಗಿನಿಂದ ತಂದ. ಆಮೇಲೆ ನಗಲಿಲ್ಲ.

ಗುಡ್ಡಕ್ಕೆ ಹೊರಲು ಟಾರ್ಪಾಲಿನಲ್ಲಿ ಬೆನ್ನುಚೀಲಗಳನ್ನು ಹೊಲಿದಳು. ಎಂಜಿನ್ನು ಗಂಡನಿಗೆ, ಚೌಕಟ್ಟು ಅವಳಿಗೆ, ಬಾರು ನನಗೆ. ಡ್ರೈವರು ಪ್ರತಿ ತಿರುವಿನಲ್ಲೂ ಬಾಯಲ್ಲಿ ಹಾರನ್ ಹೊಡೆದ.

ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಹಾಕಿಕೊಂಡು ಅವಳು ಮೊದಲ ಕೊಯ್ತ ಶುರುಮಾಡಿದಳು. ಅಲ್ಲಿ ತಪ್ಪಿತು. ಚೌಕಟ್ಟನ್ನು ಅವಳು ನೇರವಾಗಿ ದಿಮ್ಮಿಯ ಬೆನ್ನ ಮೇಲೆಯೇ ಇಟ್ಟಿದ್ದಳು. ಮೈಗೆ ತಕ್ಕಂತೆ ಬಟ್ಟೆ ಕತ್ತರಿಸುವುದು ಜೀವಮಾನದ ಅಭ್ಯಾಸ. ಮರ ಎಲ್ಲಿ ಉಬ್ಬಿತ್ತೋ ಅಲ್ಲಿ ಗರಗಸವೂ ಏರಿತು, ಎಲ್ಲಿ ತಗ್ಗಿತ್ತೋ ಅಲ್ಲಿ ಇಳಿಯಿತು. ಕೈಗೆ ಬಂದದ್ದು ಬಳುಕುವ ಸೊಂಟದಂಥ ಹಲಗೆ.

ಗಂಡ ಅದರ ಸುತ್ತ ಒಂದು ಸುತ್ತು ಬಂದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಪುಣ್ಯ ಕಟ್ಕೊಂಡೆ ನೋಡು, ನೆಲಾನೇ ಡೊಂಕು ಮಾಡ್ತಿದ್ದೀಯ. ಇನ್ನು ಯಾರೂ ಸುಳ್ಳು ಹೇಳಬೇಕಾಗಿಲ್ಲ."

ಅವಳು ನಗಲಿಲ್ಲ. ಇದ್ದದ್ದು ಒಂದೇ ಮರ. ಇಂಥ ಇನ್ನೆರಡು ಹಲಗೆ ಹಾಳಾದರೆ ಕೋಣೆಯ ಒಂದು ಮೂಲೆ ಬರಿದಾಗುತ್ತಿತ್ತು, ಪಂದ್ಯ ಸೋತಂತೆಯೇ. ದಿಮ್ಮಿಯ ಮೇಲೆ ಕೂತು ಆ ಹಲಗೆಯ ಉಬ್ಬುತಗ್ಗುಗಳ ಮೇಲೆ ಬೆರಳಾಡಿಸಿದಳು.

ಆಮೇಲೆ ಎದ್ದು, ಮನೆಯ ಮಾಡು ಹತ್ತಲು ಇಟ್ಟಿದ್ದ ಅಲ್ಯೂಮಿನಿಯಂ ಏಣಿಯನ್ನು ಎಳೆದು ತಂದಳು. "ಗೆರೆ ಎಳೆಯೋಕೆ ಸ್ಕೇಲ್ ಇಡ್ತೀನಲ್ಲ ಅಕ್ಕ, ಅದನ್ನೇ ಮರೆತೆ. ಈ ಗರಗಸಕ್ಕೆ ಸ್ಕೇಲ್ ಇದು." ಏಣಿಯನ್ನು ದಿಮ್ಮಿಯ ಮೇಲೆ ಮಲಗಿಸಿ, ಅಲುಗಾಡುವಲ್ಲೆಲ್ಲ ಬೆಣೆ ಕೊಟ್ಟು ಬಿಗಿದಳು. ಗರಗಸ ಈ ಸಲ ಏಣಿಯ ಮೇಲೆ ಸಾಗಿತು. ಮರದ ಪುಡಿ ಹಿಟ್ಟಿನಂತೆ ಹಾರಿತು, ಸದ್ದು ತಗ್ಗಲಿಲ್ಲ. ಹಲಗೆಯನ್ನು ಮಗುಚಿದಾಗ ಡ್ರೈವರು ಒಂದು ಕಣ್ಣು ಮುಚ್ಚಿ ಅದರ ಅಂಚಿನಗುಂಟ ನೋಡಿದ. ನೋಡುತ್ತಲೇ ಇದ್ದ. ಗೆರೆ ಎಳೆದಷ್ಟು ನೇರವಿತ್ತು.

ಬೇಸಿಗೆ ಕಳೆಯಿತು. ಒಣಗಿದ ಹಲಗೆಗಳನ್ನು ತೊಲೆಗಳ ಮಟ್ಟ ನೋಡಿ, ಒಂದಕ್ಕೊಂದು ಒತ್ತಿ ಹಾಸಿದರು. ಕೊನೆಯ ಮೂಲೆಗೆ ಕೊನೆಯ ಹಲಗೆ ಕೂತಿತು. ಮಿಕ್ಕದ್ದು ಆ ಡೊಂಕಿನದೊಂದೇ. ಅದಕ್ಕೆ ಕಾಲು ಬಡಿದು ಬಾಗಿಲ ಹೊರಗೆ ಬೆಂಚು ಮಾಡಿದ್ದಾರೆ, ಡ್ರೈವರು ಅಲ್ಲೇ ಕೂತು ಬೂಟು ಬಿಚ್ಚುತ್ತಾನೆ.

ಚಳಿಯ ಮೊದಲ ಬೆಳಿಗ್ಗೆ ನಾನು ಹತ್ತಿ ಹೋದೆ. ಹಿಂದೆ ಕಾಲು ಕುಸಿದಿದ್ದ ಜಾಗದಲ್ಲಿ ನಿಂತು ಅವನು ಎರಡೂ ಕಾಲಲ್ಲಿ ಕುಪ್ಪಳಿಸಿ ತೋರಿಸಿದ. ಕಿಟಕಿಯ ಪಕ್ಕ ಕೈಮಿಷನ್ ಆಗಲೇ ಕೂತಿತ್ತು.

"ಹೇಗೆ ಅಕ್ಕ, ಮನೆ ಯಾರಿಗಾದ್ರೂ ಕೊಡೋಣವಾ?" ಅಂದಳು ತಂಗಿ.

"ಕೊಡೋದಾ?" ಗಂಡ ಮಧ್ಯೆ ಬಾಯಿ ಹಾಕಿದ. "ಬೂಟು ಹಾಕ್ಕೊಂಡು ಯಾರಾದ್ರೂ ಒಳಗೆ ಬರಲಿ, ನೋಡ್ತೀನಿ."

ಅವಳು ಮಿಷನ್ನಿನಿಂದ ದಾರದ ಬಾಬಿನ್ನನ್ನು ತೆಗೆದು, ಕೋಣೆಯ ನಡುವೆ ಚಕ್ರದ ಹಾಗೆ ಅದರ ಅಂಚಿನ ಮೇಲೆ ನಿಲ್ಲಿಸಿ ಕೈ ಬಿಟ್ಟಳು. ಮೂವರೂ ನೋಡಿದೆವು. ಅದು ಉರುಳಲಿಲ್ಲ.